ಬೆಂಬಲ ಮುಗಿದ ಓಎಸ್: ಮೇಲೇರುವುದೋ, ಹೊಸದಾಗಿ ಕಟ್ಟುವುದೋ, ದುಡ್ಡು ಕೊಟ್ಟು ಉಳಿಯುವುದೋ?

2024ರ ಜುಲೈ ಮೊದಲ ವಾರ. ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಓಎಸ್ ಇದ್ದ ಹಳೆಯ ಸರ್ವರೊಂದರಲ್ಲಿ ಚಿಕ್ಕದೊಂದು ಪ್ಯಾಕೇಜು ಹಾಕಿಕೊಳ್ಳೋಣವೆಂದು 'ಯಮ್ ಇನ್‌ಸ್ಟಾಲ್' ಅಂತ ಟೈಪು ಮಾಡಿದೆ. ಒಂದಿಷ್ಟು ಹೊತ್ತು ಸುಮ್ಮನಿದ್ದು, ಪ್ಯಾಕೇಜು ಇಳಿಸಿಕೊಳ್ಳುವ ತಾಣಗಳ ಪಟ್ಟಿಯಾದ ಮಿರರ್‌ಲಿಸ್ಟ್‌ನ ವಿಳಾಸವೇ ಸಿಗುತ್ತಿಲ್ಲ ಎಂದು ಹೇಳಿತು. ನೆಟ್ ಸರಿಯಾಗೇ ಇತ್ತು. ವೆಬ್‌ಸೈಟು ಎಂದಿನಂತೆ ತೆರೆಯುತ್ತಿತ್ತು, ಡೇಟಾಬೇಸು ಓಡುತ್ತಿತ್ತು, ಅಪ್‌ಟೈಮ್ ನಾನೂರು ದಿನ ದಾಟಿತ್ತು. (ಅಪ್‌ಟೈಮ್ ಬಗ್ಗೆ ಹೆಮ್ಮೆಪಡುವವರಿಗೆ ಒಂದು ಮಾತು: ನಾನೂರು ದಿನ ರೀಬೂಟ್ ಆಗಿಲ್ಲ ಅಂದರೆ ನಾನೂರು ದಿನದಿಂದ ಓಎಸ್‌ನ ತಿರುಳಾದ ಕರ್ನಲ್‌ನ ಹೊಸ ಆವೃತ್ತಿ ಜಾರಿಗೆ ಬಂದಿಲ್ಲ ಅಂತಲೂ ಅರ್ಥ. ನನ್ನದೂ ಅದೇ ಕತೆ.)

ಜೂನ್ 30ಕ್ಕೆ ಸೆಂಟ್‌ಓಎಸ್ 7ರ ಬೆಂಬಲ ಮುಗಿದಿತ್ತು. ಅದರ ಬೆನ್ನಿಗೇ ಮಿರರ್‌ಗಳ ಪಟ್ಟಿ ಕೊಡುತ್ತಿದ್ದ ವಿಳಾಸವನ್ನೂ ಕಿತ್ತುಹಾಕಿದ್ದರು. ಹುಡುಕಿದರೆ ಪರಿಹಾರ ಎಲ್ಲೆಡೆ ಸಿಗುತ್ತದೆ: ಪ್ಯಾಕೇಜು ಎಲ್ಲಿಂದ ತರಬೇಕೆಂದು ಹೇಳುವ ರೆಪೊ ಕಡತಗಳಲ್ಲಿ ಮಿರರ್‌ನ ಜಾಗಕ್ಕೆ 'ವಾಲ್ಟ್' ಎಂಬ ವಿಳಾಸ ಹಾಕಿ, ಮತ್ತೆ ಯಮ್ ಓಡಿಸಿ. ಹಾಕಿದೆ, ಓಡಿತು, ಪ್ಯಾಕೇಜೂ ಬಂತು. ತುಂಬಾ ಜನ ಇಲ್ಲಿಗೆ ಸಮಸ್ಯೆ ಬಗೆಹರಿಯಿತು ಅಂದುಕೊಂಡು ಟರ್ಮಿನಲ್ ಮುಚ್ಚುತ್ತಾರೆ. ಆದರೆ ವಾಲ್ಟ್ ಎಂಬುದು ವಸ್ತುಸಂಗ್ರಹಾಲಯ. ಅಲ್ಲಿ ಇದ್ದದ್ದು ಇದ್ದಹಾಗೇ ಇರುತ್ತದೆ, ಹೊಸದೇನೂ ಸೇರುವುದಿಲ್ಲ. ಇತರ ಲಿನಕ್ಸ್‌ಗಳಾದ ಡೆಬಿಯನ್‌ಗೆ ಆರ್ಕೈವ್, ಉಬುಂಟುವಿಗೆ ಓಲ್ಡ್-ರಿಲೀಸಸ್ ಎಂಬ ವಿಳಾಸಗಳೂ ಇಂಥವೇ. 'ಅಪ್‌ಡೇಟ್ ಏನೂ ಇಲ್ಲ' ಎಂದು ಯಮ್ ಹೇಳಿದರೆ ಸಿಸ್ಟಮ್ ಸುರಕ್ಷಿತವಾಗಿದೆ ಎಂದಲ್ಲ, ಅಪ್‌ಡೇಟ್ ಮಾಡುವವರು ಎದ್ದುಹೋಗಿದ್ದಾರೆ ಎಂದು.

ಹಾಗಾದರೆ ಮುಂದೇನು? ದಾರಿಗಳು ನಾಲ್ಕೈದು ಇವೆ. ಯಾವುದು ಯಾರಿಗೆ ಅಂತ ಹೇಳುವ ಮುನ್ನ 'ಬೆಂಬಲ' ಎಂಬ ಪದವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಆಯ್ಕೆಯಲ್ಲಿ ಎಡವುವವರು ಹೆಚ್ಚಾಗಿ ಎಡವುವುದು ಅಲ್ಲೇ.

ಹಳೆಯ ಬಟ್ಟೆಗೆ ಹೊಸ ತೇಪೆ

ದೀರ್ಘಕಾಲ ಬೆಂಬಲ ಕೊಡುವ ಡಿಸ್ಟ್ರೊಗಳು (ಸೆಂಟ್‌ಓಎಸ್, ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ಬಗೆಗಳು) ನಿಮಗೆ ಹೊಸ ಆವೃತ್ತಿಯ ತಂತ್ರಾಂಶ ಕೊಡುವುದಿಲ್ಲ. ಸೆಂಟ್‌ಓಎಸ್ 7 ಹತ್ತು ವರ್ಷ ಉದ್ದಕ್ಕೂ 3.10 ಕರ್ನಲ್‌ನಲ್ಲೇ ಇತ್ತು, ವೆಬ್ ಸರ್ವರ್ ಅಪಾಚೆ 2.4.6ರಲ್ಲೇ ಇತ್ತು. ಎಲ್ಲೋ ಒಂದು ಲೋಪ ಸಿಕ್ಕಿತು, ಮೂಲ ತಂಡ ಅದನ್ನು ಹೊಸ ಆವೃತ್ತಿಯಲ್ಲಿ ಸರಿಪಡಿಸಿತು ಅನ್ನಿ. ಡಿಸ್ಟ್ರೊದ ಭದ್ರತಾ ತಂಡದವರು ಆ ಐದಾರು ಸಾಲಿನ ತಿದ್ದುಪಡಿಯನ್ನು ಮಾತ್ರ ಎತ್ತಿಕೊಂಡು, ಹಳೆಯ ಕೋಡಿಗೆ ಹೊಂದುವಂತೆ ಹೊಲಿಯುತ್ತಾರೆ. ಬ್ಯಾಕ್‌ಪೋರ್ಟ್ ಅನ್ನುವುದು ಇದಕ್ಕೇ. ಆವೃತ್ತಿಯ ಅಂಕಿ ನೋಡಿ 'ಅಯ್ಯೋ ಎಷ್ಟು ಹಳೆಯದು' ಅಂದುಕೊಳ್ಳಬಾರದು ಅನ್ನುವುದೂ ಇದಕ್ಕೇ. ಅಂಕಿ ಹಳೆಯದು, ಒಳಗಿನ ತೇಪೆಗಳು ಹೊಸವು.

ವರ್ಷ ಕಳೆದಂತೆ ಈ ಹೊಲಿಗೆ ಕಷ್ಟವಾಗುತ್ತದೆ. ಮೂಲ ಕೋಡು ಎಷ್ಟೋ ಬದಲಾಗಿರುತ್ತದೆ; ತಿದ್ದುಪಡಿ ಕೂರಬೇಕಾದ ಫಂಕ್ಷನ್ನೇ ಹಳೆಯದರಲ್ಲಿ ಇರುವುದಿಲ್ಲ, ಇದ್ದರೂ ಬೇರೆ ಆಕಾರದಲ್ಲಿ ಇರುತ್ತದೆ. ಇದನ್ನು ಬಿಟ್ಟಿಯಾಗಿ ಮಾಡಲು ಸ್ವಯಂಸೇವಕರಿಗೆ ಹುಮ್ಮಸ್ಸು ಇರುವುದಿಲ್ಲ, ಮಾಡುವ ಕಂಪನಿಗಳು ದುಡ್ಡು ಕೇಳುತ್ತವೆ. ಲಿನಕ್ಸ್ ಕರ್ನಲ್ ತಂಡ ಕೂಡ ತನ್ನ ದೀರ್ಘಾವಧಿ ಆವೃತ್ತಿಗಳ ಬೆಂಬಲವನ್ನು ಆರು ವರ್ಷದಿಂದ ಎರಡಕ್ಕೆ ಇಳಿಸುವುದಾಗಿ 2023ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಅಷ್ಟು ಹಳೆಯದನ್ನು ಬಳಸುವವರು ಕಡಿಮೆ, ನೋಡಿಕೊಳ್ಳುವವರಿಗೆ ದಣಿವು ಹೆಚ್ಚು.

ಮುಕ್ತ ತಂತ್ರಾಂಶದಲ್ಲಿ ಇನ್ನೊಂದು ತೊಡಕೂ ಇದೆ. ತಿದ್ದುಪಡಿ ಎಲ್ಲರ ಕಣ್ಣೆದುರೇ ಪ್ರಕಟವಾಗುತ್ತದೆ. ಹೊಸ ಆವೃತ್ತಿಯವರಿಗೆ ಅದು ಔಷಧ. ಬೆಂಬಲ ಮುಗಿದ ಆವೃತ್ತಿಯವರ ಮಟ್ಟಿಗೆ ಅದು ಗೋಡೆಯಲ್ಲಿ ಬಿರುಕು ಎಲ್ಲಿದೆ ಅಂತ ಊರಿಗೆಲ್ಲ ಹಂಚಿದ ನಕ್ಷೆ.

ಹಾಗಂತ ಹಳೆಯದೆಲ್ಲ ಆ ಕ್ಷಣವೇ ಕುಸಿದುಬೀಳುತ್ತದೆ ಅಂತಲೂ ಅಲ್ಲ. ಸೆಂಟ್‌ಓಎಸ್ 7ರ ಬೆಂಬಲ ಮುಗಿದ ಮರುದಿನವೇ, 2024ರ ಜುಲೈ 1ರಂದು, ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ 'ರಿಗ್ರೆಎಸ್‌ಎಸ್‌ಎಚ್‌ಯನ್' ಎಂಬ ದೊಡ್ಡ ಲೋಪ ಬಯಲಾಯಿತು. ಲಾಗಿನ್ ಆಗದೆಯೇ ಹೊರಗಿನಿಂದ ರೂಟ್ (ಸರ್ವರ್‌ನ ಪೂರ್ಣಾಧಿಕಾರದ ಖಾತೆ) ಹಿಡಿಯಬಹುದಾದಂಥದ್ದು. ನನ್ನ ಎದೆ ಧಸಕ್ಕೆಂದಿತು. ಆಮೇಲೆ ಓದಿದರೆ, ಆ ದೋಷ ನುಸುಳಿದ್ದು 8.5ರಲ್ಲಿ, ಸೆಂಟ್‌ಓಎಸ್ 7ರಲ್ಲಿ ಇದ್ದದ್ದು 7.4. ಹಳೆಯದಾಗಿದ್ದದ್ದೇ ಕಾಪಾಡಿತು! ಈ ಕತೆಯನ್ನು 'ಹಳೆಯದೇ ಗಟ್ಟಿ' ಎನ್ನುವವರು ಈಗಲೂ ಹೇಳುತ್ತಾರೆ. ಅವರು ಪಿಡಬ್ಲ್ಯುಎನ್‌ಕಿಟ್ ಎಂದು ಹೆಸರಾದ ಲೋಪವನ್ನು ನೆನೆಯುವುದಿಲ್ಲ. 2022ರ ಜನವರಿಯಲ್ಲಿ ಸಿಕ್ಕ ಅದು ಪಿಕೆಎಕ್ಸೆಕ್ ಎಂಬ ಸಣ್ಣ ಪ್ರೋಗ್ರಾಮಿನಲ್ಲಿ 2009ರಿಂದಲೂ ಕೂತಿತ್ತು. ಯಾವ ಕಾಲದ ಡಿಸ್ಟ್ರೊ ಆಗಿರಲಿ, ಮಾಮೂಲಿ ಬಳಕೆದಾರ ರೂಟ್ ಆಗಬಹುದಿತ್ತು. ಬೆಂಬಲ ಇದ್ದವರು ಅಂದೇ ಒಂದು ಅಪ್‌ಡೇಟ್ ಹಾಕಿ ಮಲಗಿದರು. ಮುಂದಿನ ಲೋಪ ಮೊದಲನೆಯ ಬಗೆಯದೋ ಎರಡನೆಯ ಬಗೆಯದೋ ಅಂತ ಯಾರಿಗೆ ಗೊತ್ತು?

ಐದು ವರ್ಷ ಎಂದರೆ ಯಾವುದಕ್ಕೆ ಐದು ವರ್ಷ?

ಹೋಲಿಕೆಯ ಪಟ್ಟಿಗಳಲ್ಲಿ ಬರೀ ವರ್ಷಗಳು ಇರುತ್ತವೆ. ಉಬುಂಟುವಿನ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಬಿಡುಗಡೆಗೆ ಐದು, ಡೆಬಿಯನ್‌ಗೆ ಮೂರು ಮತ್ತು ಎಲ್‌ಟಿಎಸ್‌ನ ಎರಡು ಸೇರಿ ಐದು, ರೆಡ್ ಹ್ಯಾಟ್ ಬಳಗಕ್ಕೆ (ಸೆಂಟ್‌ಓಎಸ್ ಇದರಲ್ಲೇ ಒಂದು) ಹತ್ತು, ಫೆಡೋರಾಗೆ ಸುಮಾರು ಹದಿಮೂರು ತಿಂಗಳು, ಉಬುಂಟುವಿನ ನಡುವಿನ ಬಿಡುಗಡೆಗಳಿಗೆ ಒಂಬತ್ತೇ ತಿಂಗಳು. ಇವೆಲ್ಲ ಸರಿ. ಆದರೆ ನಾನು ಮೊದಲು ನೋಡುವುದು ವರ್ಷವನ್ನಲ್ಲ, ಆ ವರ್ಷಗಳು ಯಾವ ಪ್ಯಾಕೇಜುಗಳಿಗೆ ಅನ್ವಯಿಸುತ್ತವೆ ಎಂಬುದನ್ನು.

ಉಬುಂಟುವನ್ನೇ ತೆಗೆದುಕೊಳ್ಳಿ. ಅದರ ಪ್ಯಾಕೇಜುಗಳು 'ಮೇನ್' ಮತ್ತು 'ಯೂನಿವರ್ಸ್' ಎಂಬ ಎರಡು ದೊಡ್ಡ ಕಣಜಗಳಲ್ಲಿವೆ. ಉಬುಂಟುವನ್ನು ಹೊರತರುವ ಕೆನೋನಿಕಲ್ ಕಂಪನಿಯದೇ ಲೆಕ್ಕದಲ್ಲಿ ಮೇನ್‌ನಲ್ಲಿ ಸುಮಾರು 2,300, ಯೂನಿವರ್ಸ್‌ನಲ್ಲಿ 23,000. ಐದು ವರ್ಷದ ಭರವಸೆ ಇರುವುದು ಮೇನ್‌ಗೆ. ಯೂನಿವರ್ಸ್‌ನದ್ದನ್ನು ಸಮುದಾಯದವರು ಆದಾಗ ಆದಷ್ಟು ನೋಡಿಕೊಳ್ಳುತ್ತಾರೆ. ಅಲ್ಲಿಗೆ ಖಚಿತ ಭದ್ರತಾ ತಿದ್ದುಪಡಿ ಬೇಕಿದ್ದರೆ ಅದೇ ಕಂಪನಿಯ ಚಂದಾ ಸೇವೆಯಾದ ಉಬುಂಟು ಪ್ರೊ ಬೇಕು. ಅಂದರೆ ಎಲ್‌ಟಿಎಸ್ ಹಾಕಿಕೊಂಡು ನಿಶ್ಚಿಂತೆಯಾಗಿರುವವರ ಸಿಸ್ಟಮ್‌ನಲ್ಲೂ, ಬೆಂಬಲ ಚಾಲ್ತಿಯಲ್ಲಿರುವಾಗಲೇ, ಬೆಂಬಲವಿಲ್ಲದ ಪ್ಯಾಕೇಜುಗಳು ಇರಬಹುದು. 'ಪ್ರೊ ಸೆಕ್ಯುರಿಟಿ-ಸ್ಟೇಟಸ್' ಎಂಬ ಆಜ್ಞೆ ಕೊಟ್ಟರೆ ಎಷ್ಟು ಪ್ಯಾಕೇಜು ಎಲ್ಲಿಂದ ಬಂದಿವೆ ಎಂದು ಎಣಿಸಿ ಹೇಳುತ್ತದೆ. ಒಮ್ಮೆ ಓಡಿಸಿ ನೋಡಿ. ಮೂರನೆಯವರ ಪ್ಯಾಕೇಜು ಕಣಜವಾದ ಪಿಪಿಎಯಿಂದ ಎಂದೋ ಹಾಕಿ ಮರೆತದ್ದೂ ಅಲ್ಲಿ ಹಲ್ಲುಕಿರಿಯುತ್ತದೆ.

ಡೆಬಿಯನ್ ಕೂಡ ಇದರಲ್ಲಿ ಮುಚ್ಚುಮರೆ ಮಾಡುವುದಿಲ್ಲ. ಕೆಲವು ಪ್ಯಾಕೇಜುಗಳನ್ನು ಹಳೆಯ ಬಿಡುಗಡೆಯಲ್ಲಿ ಕಾಪಾಡಲು ನಮ್ಮಿಂದಾಗದು ಎಂದು ಮೊದಲೇ ಪಟ್ಟಿ ಕೊಡುತ್ತದೆ. 'ಡೆಬಿಯನ್-ಸೆಕ್ಯುರಿಟಿ-ಸಪೋರ್ಟ್' ಎಂಬ ಪ್ಯಾಕೇಜು ಹಾಕಿಕೊಂಡರೆ ನಿಮ್ಮಲ್ಲಿ ಇರುವವುಗಳ ಪೈಕಿ ಯಾವುವು ಆ ಪಟ್ಟಿಯಲ್ಲಿವೆ ಎಂದು ಹೇಳುತ್ತದೆ.

ದಾರಿ ಒಂದು: ಇದ್ದಲ್ಲೇ ಮೇಲೇರುವುದು

ಎಲ್ಲರ ಮನಸ್ಸಿಗೂ ಮೊದಲು ಬರುವುದು ಇದು. ಡೆಸ್ಕ್‌ಟಾಪ್‌ಗೆ, ಒಂದೇ ಹೆಜ್ಜೆ ಹಿಂದಿರುವ ಸರ್ವರ್‌ಗೆ, ಒಳ್ಳೆಯ ಆಯ್ಕೆಯೇ. ನೆನಪಿಡಬೇಕಾದದ್ದು, ಮೆಟ್ಟಿಲು ಹಾರುವಂತಿಲ್ಲ. ಉಬುಂಟು 16.04ರಲ್ಲಿ ಇರುವವರು 24.04ಕ್ಕೆ ಹೋಗಬೇಕೆಂದರೆ 18.04, 20.04, 22.04 ಎಲ್ಲವನ್ನೂ ತುಳಿದೇ ಹೋಗಬೇಕು. ಡೆಬಿಯನ್ 10ರವರು 11, 12 ದಾಟಿಯೇ 13 ಮುಟ್ಟಬೇಕು. ಒಂದು ಮೆಟ್ಟಿಲಾದರೆ ಒಂದು ಸಂಜೆಯ ಕೆಲಸ. ನಾಲ್ಕಾದರೆ, ನನ್ನ ಮಾತು ಕೇಳಿ, ಈ ದಾರಿ ಬಿಡಿ.

ಪ್ರತಿ ಮೆಟ್ಟಿಲಲ್ಲೂ ಏನೋ ಒಂದು ಕಾಲಿಗೆ ತೊಡರುತ್ತದೆ. ಉಬುಂಟು 20.04ರಲ್ಲಿ ವೆಬ್‌ಸೈಟು ಬರೆಯುವ ಭಾಷೆ ಪಿಎಚ್‌ಪಿ 7.4 ಇತ್ತು, 22.04ಕ್ಕೆ ಬಂದರೆ 8.1, 24.04ರಲ್ಲಿ 8.3. ಏಳರಿಂದ ಎಂಟಕ್ಕೆ ದಾಟುವಾಗ ಹಳೆಯ ಕೋಡು ಮುರಿಯದಿದ್ದರೆ ಅದು ನಿಮ್ಮ ಪುಣ್ಯ. ಡೇಟಾಬೇಸು ಪೋಸ್ಟ್‌ಗ್ರೆಸ್ 12ರಿಂದ 14, ಅಲ್ಲಿಂದ 16. ಓಎಸ್ ಮೇಲೇರಿದ ಮಾತ್ರಕ್ಕೆ ಡೇಟಾ ಜತೆಗೇ ಬರುವುದಿಲ್ಲ, ಕ್ಲಸ್ಟರನ್ನು (ಅದರ ಡೇಟಾದ ಕಟ್ಟು) ನೀವೇ ಕೈಯಾರೆ ದಾಟಿಸಬೇಕು. 22.04ರ ಓಪನ್‌ಎಸ್‌ಎಸ್‌ಎಚ್ ಹಳೆಯ ಎಸ್‌ಎಚ್‌ಎ-1 ಸಹಿಯನ್ನು ಒಪ್ಪುವುದಿಲ್ಲವಾದ್ದರಿಂದ, ಎಲ್ಲೋ ಮೂಲೆಯಲ್ಲಿ ರಾತ್ರಿ ಬ್ಯಾಕಪ್ ಕಳಿಸುತ್ತಿದ್ದ ಹಳೆಯ ಡಬ್ಬ ಸದ್ದಿಲ್ಲದೆ ಕಳಿಸುವುದನ್ನು ನಿಲ್ಲಿಸುತ್ತದೆ. ಇಂಥವು ಅಪ್‌ಗ್ರೇಡ್ ಆದ ದಿನ ಗೊತ್ತಾಗುವುದೇ ಇಲ್ಲ.

ನನಗೆ ಮರೆಯಲಾಗದ್ದು ಕಾನ್ಫಿಗ್ ಕಡತದ ಪ್ರಶ್ನೆ. ಅಪ್‌ಗ್ರೇಡ್ ನಡುವೆ ನಿಂತು, 'ಈ ಕಡತವನ್ನು ನೀವು ತಿದ್ದಿದ್ದೀರಿ, ಹೊಸತು ಹಾಕಲೋ ನಿಮ್ಮದೇ ಉಳಿಸಲೋ' ಎಂದು ಕೇಳುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ. ರಾತ್ರಿ ಒಂದು ಗಂಟೆಗೆ, ಹತ್ತನೆಯ ಬಾರಿ ಕೇಳಿದಾಗ, ನಿದ್ದೆಗಣ್ಣಲ್ಲಿ 'ವೈ' ಒತ್ತಿದೆ. ಅದು ಎಸ್‌ಎಸ್‌ಎಚ್‌ನ ಕಡತ. ನಾನು ಎಂದೋ ಬದಲಿಸಿದ್ದ ಪೋರ್ಟ್ ಮತ್ತೆ 22ಕ್ಕೆ ಹೋಯಿತು. ಫೈರ್‌ವಾಲ್ ಮಾತ್ರ ಹಳೆಯ ಪೋರ್ಟನ್ನಷ್ಟೇ ಬಿಡುತ್ತಿತ್ತು. ತೆರೆದಿದ್ದ ಕಿಟಕಿ ಮುಚ್ಚುವವರೆಗೆ ಎಲ್ಲ ಸರಿಯಿತ್ತು; ಕೊನೆಗೆ ರೀಬೂಟ್ ಕೊಟ್ಟೆ, ನನ್ನ ಮನೆಗೆ ನಾನೇ ಹೊರಗಿನಿಂದ ಬೀಗ ಹಾಕಿಕೊಂಡ ಹಾಗಾಯಿತು. ಸರ್ವರ್ ಬಾಡಿಗೆಗೆ ಕೊಟ್ಟವರ ವೆಬ್ ಕನ್ಸೋಲ್ ಇದ್ದದ್ದರಿಂದ ಬಚಾವು. ಉಬುಂಟುವಿನ ಅಪ್‌ಗ್ರೇಡ್ ಸಾಧನ ಇಂಥದ್ದಕ್ಕೆಂದೇ, ಎಸ್‌ಎಸ್‌ಎಚ್ ಮೂಲಕ ಓಡಿಸಿದಾಗ, 1022ನೇ ಪೋರ್ಟಿನಲ್ಲಿ ಇನ್ನೊಂದು ಬಾಗಿಲು ತೆರೆದಿಡುತ್ತದೆ. ಫೈರ್‌ವಾಲ್‌ನಲ್ಲಿ ಅದನ್ನೂ ಬಿಡಿ ಅಂತ ಹೇಳಿಯೂ ಹೇಳುತ್ತದೆ. ಆದರೂ ರೀಬೂಟ್ ಆದಮೇಲೆ ಆ ಬಾಗಿಲು ಇರುವುದಿಲ್ಲ. ಕನ್ಸೋಲ್ ಇಲ್ಲದ ಕಡೆ ಈ ದಾರಿ ಹಿಡಿಯಬೇಡಿ.

ಹಾಗೇ, ಈ ದಾರಿ ಎಲ್ಲರಿಗೂ ತೆರೆದಿಲ್ಲ. ಸೆಂಟ್‌ಓಎಸ್ 7ರಿಂದ 8ಕ್ಕೆ ಸೆಂಟ್‌ಓಎಸ್ ತಂಡ ಯಾವತ್ತೂ ಅಧಿಕೃತ ಮೆಟ್ಟಿಲು ಕಟ್ಟಲಿಲ್ಲ. ರೆಡ್ ಹ್ಯಾಟ್‌ನವರಿಗೆ ಲೀಪ್ ಎಂಬ ಸಾಧನ ಇದೆ. ಅದನ್ನೇ ಆಧರಿಸಿ, ಸೆಂಟ್‌ಓಎಸ್‌ನ ಜಾಗಕ್ಕೆ ಬಂದ ಅಲ್ಮಾಲಿನಕ್ಸ್‌ನವರು ಎಲಿವೇಟ್ ಎಂಬುದನ್ನು ಮಾಡಿದರು. ಸರಳ ಸರ್ವರ್‌ಗಳಲ್ಲಿ ಅದು ಕೆಲಸ ಮಾಡುತ್ತದೆ. ಹೊರಗಿನ ರೆಪೊಗಳು ಮೂರ್ನಾಲ್ಕು ಇದ್ದವೋ, ತೇಪೆಯ ಮೇಲೆ ತೇಪೆ ಹಾಕುತ್ತಾ ಬೆಳಗಾಗುತ್ತದೆ.

ದಾರಿ ಎರಡು: ಪಕ್ಕದಲ್ಲಿ ಹೊಸದು ಕಟ್ಟುವುದು

ಸರ್ವರ್‌ಗಳ ಮಟ್ಟಿಗೆ ನನ್ನ ಓಟು ಇದಕ್ಕೆ. ಹೊಸ ಯಂತ್ರ ಅಥವಾ ವಿಎಂ (ಯಂತ್ರದೊಳಗಿನ ಕಾಲ್ಪನಿಕ ಯಂತ್ರ), ಹೊಸ ಓಎಸ್, ಅದರ ಮೇಲೆ ಬೇಕಾದದ್ದನ್ನು ಒಂದೊಂದಾಗಿ ಹಾಕಿ, ಡೇಟಾ ತಂದು, ಪರೀಕ್ಷೆ ಮಾಡಿ, ಕೊನೆಗೆ ಡಿಎನ್‌ಎಸ್ (ವೆಬ್‌ಸೈಟಿನ ಹೆಸರು ಯಾವ ಯಂತ್ರಕ್ಕೆ ಎಂಬ ನಮೂದು) ತಿರುಗಿಸುವುದು. ಹಳೆಯದು ಅಲ್ಲೇ ಜೀವಂತ ಇರುತ್ತದೆ. ಎಡವಟ್ಟಾದರೆ ಡಿಎನ್‌ಎಸ್ ಮತ್ತೆ ಹಿಂದಕ್ಕೆ. ಆ ನಮೂದನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿಯಾದ ಟಿಟಿಎಲ್ ಅನ್ನು ಎರಡು ದಿನ ಮೊದಲೇ ಐದು ನಿಮಿಷಕ್ಕೆ ಇಳಿಸಿಟ್ಟರೆ ಹಿಂದೆ ಹೋಗುವುದಕ್ಕೂ ಐದೇ ನಿಮಿಷ. ನಾಲ್ಕು ಮೆಟ್ಟಿಲು ಹಿಂದಿದ್ದರೂ ಒಂದೇ ಹಾರು.

ಇದರ ನಿಜವಾದ ಲಾಭ ಬೇರೆಯೇ ಇದೆ. ಹಳೆಯ ಸರ್ವರ್‌ನಲ್ಲಿ ಏನೇನಿದೆ ಅಂತ ನಿಮಗೆ ಗೊತ್ತಾಗುವುದೇ ಆಗ. ಐದಾರು ವರ್ಷದಲ್ಲಿ ಯಾರ್ಯಾರೋ ಏನೇನೋ ಹಾಕಿರುತ್ತಾರೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಯಾವುದೋ ಸ್ಕ್ರಿಪ್ಟು, 'ಆಪ್ಟ್' ಫೋಲ್ಡರಿನಲ್ಲಿ ಯಾವುದೋ ಜಾವಾ, ಯಾರೋ ಕೈಯಾರೆ ಕಂಪೈಲ್ ಮಾಡಿಟ್ಟ ಲೈಬ್ರರಿ. ಅವಕ್ಕೆ ಓಎಸ್‌ನ ಬೆಂಬಲ ಯಾವತ್ತೂ ಇರಲೇ ಇಲ್ಲ ಎಂಬುದೂ ಆಗಲೇ ಹೊಳೆಯುತ್ತದೆ. ಕೆಲಸ ಹೆಚ್ಚು, ಸುಳ್ಳು ಹೇಳುವುದಿಲ್ಲ. ಎರಡು ಯಂತ್ರಗಳ ಖರ್ಚು ಕೆಲವು ವಾರ ಬೀಳುತ್ತದೆ. ಆದರೆ ಮಾಡುವಾಗಲೇ ಹಾಕಿದ ಹೆಜ್ಜೆಗಳನ್ನು, ಸರ್ವರ್ ತಾನಾಗಿ ಸಿದ್ಧಪಡಿಸುವ ಆನ್ಸಿಬಲ್‌ನಲ್ಲೋ, ಕೊನೇಪಕ್ಷ ಒಂದು ಸಾದಾ ಕಡತದಲ್ಲೋ ಬರೆದಿಟ್ಟುಕೊಂಡರೆ ಮುಂದಿನ ಸಲ ಅರ್ಧ ಕೆಲಸ ಮುಗಿದಿರುತ್ತದೆ.

ದಾರಿ ಮೂರು: ಅವಧಿ ಕೊಂಡುಕೊಳ್ಳುವುದು

ಉಬುಂಟು ಪ್ರೊ ಹಾಕಿದರೆ ಐದು ವರ್ಷ ಹತ್ತಾಗುತ್ತದೆ. ಸ್ವಂತ ಬಳಕೆಗೆ ಐದು ಯಂತ್ರಗಳವರೆಗೆ ಉಚಿತ. ಮನೆಯ ಸರ್ವರ್ ಇಟ್ಟುಕೊಂಡವರು ಇದನ್ನು ಬಳಸದಿರುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ, ಬೆಂಬಲ ಮುಗಿಯುವ ತನಕ ಕಾಯಬೇಕಾಗಿಯೂ ಇಲ್ಲ. ಅದರ ಮೇಲೆ ಲೆಗಸಿ ಎಂಬ ಹೆಚ್ಚುವರಿ ಪಾವತಿ ಯೋಜನೆ ಇದೆ, 2025ರ ನವೆಂಬರ್‌ನಲ್ಲಿ ಅದನ್ನು ಒಟ್ಟು ಹದಿನೈದು ವರ್ಷಕ್ಕೆ ಎಳೆದರು. ಡೆಬಿಯನ್‌ಗೆ ಎಲ್‌ಟಿಎಸ್ ತಂಡ ಐದು ವರ್ಷದ ತನಕ ಉಚಿತವಾಗಿ ನೋಡಿಕೊಳ್ಳುತ್ತದೆ: ಡೆಬಿಯನ್ 11ಕ್ಕೆ 2026ರ ಆಗಸ್ಟ್ 31, 12ಕ್ಕೆ 2028ರ ಜೂನ್ 30 ಗಡುವು. ಆಮೇಲೆ ಫ್ರೆಕ್ಸಿಯನ್ ಎಂಬ ಕಂಪನಿ ಹತ್ತನೇ ವರ್ಷದವರೆಗೆ ಇಎಲ್‌ಟಿಎಸ್ ಎಂಬ ಮುಂದುವರಿದ ಬೆಂಬಲ ಮಾರುತ್ತದೆ. ರೆಡ್ ಹ್ಯಾಟ್ 7ಕ್ಕೂ 2028ರ ಜೂನ್‌ವರೆಗೆ ದುಡ್ಡು ಕೊಟ್ಟು ಪಡೆಯುವ ವಿಸ್ತರಣೆ ಇದೆ.

ಅರ್ಧದಲ್ಲಿರುವ ದೊಡ್ಡ ಯೋಜನೆಗೆ ಒಂದೆರಡು ವರ್ಷ ಉಸಿರಾಡಲು ಇದು ಸರಿಯಾದ ದಾರಿ. ಸಾಲದ ಹಾಗೆ, ತೀರಿಸುವ ದಿನಾಂಕ ಗೊತ್ತಿರುವವರು ತೆಗೆದುಕೊಂಡರೆ ತಪ್ಪಿಲ್ಲ.

ಆದರೆ ಏನು ಸಿಗುವುದಿಲ್ಲ ಎಂಬುದನ್ನು ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ. ಉಬುಂಟು 18.04ರ ಮಾಮೂಲಿ ಬೆಂಬಲ 2023ರ ಮೇ ತಿಂಗಳಲ್ಲಿ ಮುಗಿಯಿತು, ಪ್ರೊ ಇದ್ದವರಿಗೆ 2028ರ ತನಕ ಭದ್ರತೆ ಇತ್ತು. 2024ರ ಶುರುವಿನಲ್ಲಿ ವಿಎಸ್ ಕೋಡ್ ಎಂಬ ಕೋಡ್ ಎಡಿಟರ್‌ನ 1.86 ಆವೃತ್ತಿ ಬಂತು. ಅದು ದೂರದ ಸರ್ವರ್‌ಗೆ ಹೋಗಿ ಕೆಲಸ ಮಾಡಬೇಕಾದರೆ ಆ ಸರ್ವರ್‌ನಲ್ಲಿ ಜಿಲಿಬ್‌ಸಿ ಎಂಬ ತಳಹದಿಯ ಲೈಬ್ರರಿಯ 2.28 ಇರಬೇಕೆಂದು ಹಟ ಹಿಡಿಯಿತು. 18.04ರಲ್ಲಿ ಇದ್ದದ್ದು 2.27! ಒಂದೇ ಒಂದು ಅಂಕಿಯಲ್ಲಿ ತಪ್ಪಿತು. ಸೆಂಟ್‌ಓಎಸ್ 7ರ 2.17ರ ಮಾತೇ ಬೇಡ. ಬೆಳಿಗ್ಗೆ ಎದ್ದು ಎಡಿಟರ್ ತೆರೆದವರಿಗೆ ಸರ್ವರ್‌ಗೆ ಹೋಗಲಾಗುತ್ತಿಲ್ಲ, ಗಲಾಟೆಯೋ ಗಲಾಟೆ. ಆಮೇಲೆ ಒಂದು ವರ್ಷದ ರಿಯಾಯಿತಿ ಕೊಟ್ಟರು ಅನ್ನಿ. ಭದ್ರತಾ ತೇಪೆಯನ್ನು ದುಡ್ಡು ಕೊಟ್ಟು ತರಬಹುದು. ಉಳಿದ ಪ್ರಪಂಚ ನಿಮ್ಮ ಹಳೆಯ ಲೈಬ್ರರಿಗಾಗಿ ಕಾಯಲಿ ಅಂತ ದುಡ್ಡು ಕೊಡಲು ಬರುವುದಿಲ್ಲ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ 18 ಕೂಡ ಇದೇ 2.28 ಕೇಳುತ್ತದೆ. ಜಿಲಿಬ್‌ಸಿಯನ್ನಷ್ಟೇ ಕೈಯಾರೆ ಮೇಲೇರಿಸುತ್ತೇನೆ ಅನ್ನುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಸಿಸ್ಟಮ್‌ನಲ್ಲಿರುವ ಹೆಚ್ಚುಕಡಿಮೆ ಪ್ರತಿಯೊಂದು ಪ್ರೋಗ್ರಾಮು ಅದರ ಮೇಲೆ ನಿಂತಿದೆ. ಕಡತಗಳ ಪಟ್ಟಿ ತೋರಿಸುವ 'ಎಲ್‌ಎಸ್' ಕೂಡ ಓಡದ ಸ್ಥಿತಿ ನೋಡಬೇಕೆಂದಿದ್ದರೆ ಮಾತ್ರ ಮಾಡಿ.

ದಾರಿ ನಾಲ್ಕು: ಪಕ್ಕದ ಮನೆಗೆ ಹೋಗುವುದು

ಇದರ ಪಾಠವೆಲ್ಲ ಸೆಂಟ್‌ಓಎಸ್ ಕತೆಯಲ್ಲಿದೆ. 2019ರ ಸೆಪ್ಟೆಂಬರ್‌ನಲ್ಲಿ 8 ಬಂದಾಗ 2029ರವರೆಗೆ ಇರುತ್ತದೆ ಎಂದುಕೊಂಡು ಎಷ್ಟೋ ಜನ ಅದಕ್ಕೆ ಹೋದರು. 2020ರ ಡಿಸೆಂಬರ್ 8ರಂದು ಪ್ರಕಟಣೆ ಬಂತು: 2021ರ ಡಿಸೆಂಬರ್ 31ಕ್ಕೆ ಮುಗಿಯಿತು, ಇನ್ನು ಮುಂದೆ ಸೆಂಟ್‌ಓಎಸ್ ಸ್ಟ್ರೀಮ್ (ರೆಡ್ ಹ್ಯಾಟ್‌ನ ಮುಂದಿನ ಬಿಡುಗಡೆಯ ಪೂರ್ವರೂಪ) ಮಾತ್ರ. ಹತ್ತು ವರ್ಷದ ಮಾತು ಎರಡೂ ಚಿಲ್ಲರೆ ವರ್ಷಕ್ಕೆ ಇಳಿಯಿತು. ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದರು ಅಂತ ಜನ ಕೂಗಾಡಿದ್ದು ಸುಮ್ಮನಲ್ಲ. ಹಳೆಯ 7ರಲ್ಲೇ ಉಳಿದವರು 2024ರ ತನಕ ನೆಮ್ಮದಿಯಾಗಿದ್ದರು, ನಿಯತ್ತಾಗಿ ಹೊಸದಕ್ಕೆ ಹೋದವರೇ ಬೀದಿಗೆ ಬಿದ್ದರು. ಆಗಿನಿಂದ ನಾನು ಗಡುವಿನ ದಿನಾಂಕದ ಪಕ್ಕದಲ್ಲಿ ಆ ಮಾತು ಕೊಟ್ಟವರು ಯಾರು ಅಂತಲೂ ಬರೆದುಕೊಳ್ಳುತ್ತೇನೆ.

ಆ ಗದ್ದಲದಲ್ಲಿ ಹುಟ್ಟಿದ್ದು ಅಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್, ಎರಡೂ 2021ರಲ್ಲಿ. ರಾಕಿಯನ್ನು ಶುರುಮಾಡಿದ ಗ್ರೆಗರಿ ಕರ್ಟ್ಜರ್ ಸೆಂಟ್‌ಓಎಸ್ ಹುಟ್ಟುಹಾಕಿದವರಲ್ಲೂ ಒಬ್ಬರು. ಮೊದಲೆರಡು ವರ್ಷ ಇವೆರಡರ ನಡುವೆ ಆರಿಸಿಕೊಳ್ಳುವುದು ಬಣ್ಣ ಆರಿಸಿಕೊಂಡಷ್ಟೇ ಆಗಿತ್ತು. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಮೂಲ ಕೋಡನ್ನು ಸಾರ್ವಜನಿಕವಾಗಿ ಸ್ಟ್ರೀಮ್ ಮೂಲಕ ಮಾತ್ರ ಕೊಡುವುದಾಗಿ ಹೇಳಿದ ಮೇಲೆ ದಾರಿ ಕವಲೊಡೆಯಿತು. ರಾಕಿ ರೆಡ್ ಹ್ಯಾಟ್‌ನ ಪಡಿಯಚ್ಚಾಗಿ ಇರುವ ಹಟ ಬಿಡಲಿಲ್ಲ. ಅಲ್ಮಾ, ಪ್ರೋಗ್ರಾಮುಗಳು ಓಡುವುದಕ್ಕೆ ಬೇಕಾದ ಹೊಂದಿಕೆ ಇದ್ದರೆ ಸಾಕು, ಪ್ರತಿ ದೋಷವೂ ಒಂದೇ ಇರಬೇಕಾಗಿಲ್ಲ ಅಂದಿತು. ಸಾಫ್ಟ್‌ವೇರ್ ಮಾರುವವರ ಪ್ರಮಾಣಪತ್ರಕ್ಕೆ ಪಡಿಯಚ್ಚೇ ಬೇಕೆನ್ನುವವರಿಗೆ ರಾಕಿ. ಹಳೆಯ ಪ್ರೊಸೆಸರ್ ಇದ್ದವರಿಗೆ ಅಲ್ಮಾ: ರೆಡ್ ಹ್ಯಾಟ್ 10 ಕೈಬಿಟ್ಟ ಹಳೆಯ ಎಕ್ಸ್86 ತಲೆಮಾರಿಗೂ ಅಲ್ಮಾ 10 ಪ್ರತ್ಯೇಕ ಬಿಲ್ಡ್ ಕೊಡುತ್ತದೆ. ನಾನು ಅಲ್ಮಾ ಬಳಸುತ್ತೇನೆ. ವಿಶೇಷ ಕಾರಣವೇನಿಲ್ಲ, ಮೊದಲು ಕೈಗೆ ಸಿಕ್ಕಿದ್ದು ಅದು.

ರೆಡ್ ಹ್ಯಾಟ್ ಬಳಗದಿಂದ ಡೆಬಿಯನ್ ಬಳಗಕ್ಕೆ ಹಾರುವುದಾದರೆ ಅದು ಪಕ್ಕದ ಮನೆಯಲ್ಲ, ಬೇರೆಯೇ ಬೀದಿ. ಆಗ ಎರಡನೆಯ ದಾರಿಯ ಲೆಕ್ಕವೇ ಅದಕ್ಕೂ.

ಗಡುವೇ ಬೇಡ ಎನ್ನುವವರಿಗೆ

ಆರ್ಚ್ ಅಥವಾ ಟಂಬಲ್‌ವೀಡ್‌ನಂಥ, ಸದಾ ಹೊಸದಾಗುತ್ತಲೇ ಇರುವ ಡಿಸ್ಟ್ರೊ ಹಾಕಿಕೊಂಡರೆ ಆವೃತ್ತಿಯೂ ಇಲ್ಲ, ಮುಕ್ತಾಯವೂ ಇಲ್ಲ. ಐದು ವರ್ಷಕ್ಕೊಮ್ಮೆ ಬರುವ ದೊಡ್ಡ ನೋವನ್ನು ವಾರಕ್ಕಿಷ್ಟು ಎಂದು ಹಂಚಿಕೊಂಡ ಹಾಗೆ. ದಿನಾ ಕೂರುವ ಲ್ಯಾಪ್‌ಟಾಪ್‌ಗೆ ಸೊಗಸು. ಮೂರು ತಿಂಗಳಿಗೊಮ್ಮೆ ನೆನಪಾಗುವ ಸರ್ವರ್‌ಗೆ ಇದನ್ನು ಹಾಕಿದರೆ, ಆ ಮೂರು ತಿಂಗಳ ಬದಲಾವಣೆ ಒಟ್ಟಿಗೇ ಮೈಮೇಲೆ ಬೀಳುತ್ತದೆ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಕಂಪ್ರೆಶನ್ ಲೈಬ್ರರಿಯಲ್ಲಿ ಯಾರೋ ಬೇಕೆಂದೇ ನುಗ್ಗಿಸಿದ್ದ ಹಿಂಬಾಗಿಲು ಬಯಲಾದಾಗ ಅದು ತಲುಪಿದ್ದದ್ದು ಡೆಬಿಯನ್‌ನ ಸಿಡ್, ಫೆಡೋರಾದ ರಾಹೈಡ್‌ನಂಥ ಮುಂಚೂಣಿಯ ಕವಲುಗಳಿಗೆ. ಡೆಬಿಯನ್ ಸ್ಟೇಬಲ್ ಬಳಸುವವರಿಗೆ ಅದರ ಗಾಳಿಯೂ ಸೋಕಿರಲಿಲ್ಲ.

ಲಿನಕ್ಸ್ ಅಲ್ಲದ, ಯುನಿಕ್ಸ್ ಬಳಗದ ಬಿಎಸ್‌ಡಿ ಓಎಸ್‌ಗಳ ಲೆಕ್ಕ ಚುಟುಕಾಗಿ: ಓಪನ್‌ಬಿಎಸ್‌ಡಿ ಆರು ತಿಂಗಳಿಗೊಂದು ಬಿಡುಗಡೆ ಮಾಡಿ ಕೊನೆಯ ಎರಡನ್ನು ಮಾತ್ರ ನೋಡಿಕೊಳ್ಳುತ್ತದೆ, ಅಂದರೆ ಒಂದಕ್ಕೆ ಸುಮಾರು ಒಂದು ವರ್ಷ. ಫ್ರೀಬಿಎಸ್‌ಡಿ ತನ್ನ ಶಾಖೆಗಳ ಐದು ವರ್ಷದ ಅವಧಿಯನ್ನು 15ರಿಂದ ನಾಲ್ಕಕ್ಕೆ ಇಳಿಸಿದೆ. ಎರಡರಲ್ಲೂ ಮೇಲೇರುವುದು ಸಲೀಸು. ಅವಧಿ ಚಿಕ್ಕದೆಂದು ಹೆದರಬೇಕಾಗಿಲ್ಲ.

ಇದ್ದಹಾಗೇ ಬಿಟ್ಟರೆ?

ಇದೂ ಒಂದು ಆಯ್ಕೆಯೇ. ನೆಟ್‌ಗೆ ಸೇರದ, ಯಾವುದೋ ಅಳತೆ ಯಂತ್ರಕ್ಕೆ ಕಟ್ಟಿಹಾಕಿದ ಕಂಪ್ಯೂಟರ್ ಹಳೆಯ ಡೆಬಿಯನ್‌ನಲ್ಲೇ ಇರಲಿ, ಯಾರ ಗಂಟೇನು ಹೋಗುತ್ತದೆ? ಯುಎಸ್‌ಬಿ ಯಾರು ಚುಚ್ಚುತ್ತಾರೆ ಅನ್ನುವುದನ್ನಷ್ಟೇ ನೋಡಿಕೊಳ್ಳಿ. ನೆಟ್‌ಗೆ ಸೇರಿದ್ದರೆ, ಹೊರಗಿನಿಂದ ಯಾರೂ ತಲುಪದಂತೆ ಪ್ರತ್ಯೇಕ ಜಾಲದಲ್ಲಿ ಇಡಿ. 'ಮುಂದೆ ಕೋರಿಕೆಗಳನ್ನು ಮೊದಲು ಹಿಡಿದು ದಾಟಿಸುವ ಎನ್‌ಜಿನ್‌ಎಕ್ಸ್ ಪ್ರಾಕ್ಸಿ ಇದೆಯಲ್ಲ' ಎಂಬ ಸಮಾಧಾನ ಅರ್ಧ ಸತ್ಯ. ವೆಬ್ ಅಪ್ಲಿಕೇಶನ್ನಿನ ಲೋಪ ಪ್ರಾಕ್ಸಿಯನ್ನು ದಾಟಿಯೇ ಬರುತ್ತದೆ.

ಸುಮ್ಮನೆ ಬಿಟ್ಟ ಸಿಸ್ಟಮ್ ಯಾರೂ ದಾಳಿ ಮಾಡದೆಯೂ ಕೆಡುತ್ತದೆ. 2021ರ ಸೆಪ್ಟೆಂಬರ್ 30ರಂದು ವೆಬ್‌ಸೈಟುಗಳಿಗೆ ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಆತುಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಪ್ರಮಾಣಪತ್ರ ಪರಿಶೀಲಿಸುವ ಓಪನ್‌ಎಸ್‌ಎಸ್‌ಎಲ್ 1.0.2 ಮತ್ತು ಅದಕ್ಕೂ ಹಿಂದಿನದು ಇದ್ದ ಸಿಸ್ಟಮ್‌ಗಳು ಚೆನ್ನಾಗಿದ್ದ ವೆಬ್‌ಸೈಟುಗಳನ್ನೂ ನಂಬಲು ನಿರಾಕರಿಸಿದವು. ಎಪಿಐ ಕರೆಗಳು ಸೋತವು, ಬ್ಯಾಕಪ್‌ಗಳು ನಿಂತವು. ಬೆಂಬಲ ಇದ್ದವರಿಗೆ ಆ ಮೊದಲೇ ಅಪ್‌ಡೇಟ್ ಬಂದಿತ್ತು. 32 ಬಿಟ್‌ನವರಿಗೆ 2038ರ ಜನವರಿಯಲ್ಲಿ ಗಡಿಯಾರವೇ ಕೈಕೊಡಲಿದೆ. ಡೆಬಿಯನ್ 13ರಲ್ಲಿ ಸಮಯದ ಲೆಕ್ಕವನ್ನು 64 ಬಿಟ್‌ಗೆ ಏರಿಸಿದ್ದಾರೆ, ಹಳೆಯ ಐ386 (32 ಬಿಟ್ ಇಂಟೆಲ್ ಬಗೆ) ಒಂದನ್ನು ಬಿಟ್ಟು. ಆ ಐ386 ಯಂತ್ರಗಳಿಗೆ 13ರಲ್ಲಿ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಅಂಥ ಹಳೆಯ ನೆಟ್‌ಬುಕ್ ಇದ್ದವರಿಗೆ ಡೆಬಿಯನ್ 12 ಕೊನೆಯ ನಿಲ್ದಾಣ. ಅದನ್ನು ಬರವಣಿಗೆಗೆ ಇಟ್ಟುಕೊಳ್ಳಿ, ಬ್ಯಾಂಕ್ ವ್ಯವಹಾರಕ್ಕೆ ಬೇಡ.

ಇನ್ನು ನನ್ನ ಆ ಸೆಂಟ್‌ಓಎಸ್ 7. ಎಲಿವೇಟ್ ಓಡಿಸೋಣವೆಂದು ಅದರ ಪೂರ್ವ ಪರೀಕ್ಷೆ ಮಾಡಿದೆ. ತೊಡಕುಗಳ ಪಟ್ಟಿ ಎರಡು ಪುಟ ಬಂತು. ಅಲ್ಲಿಗೇ ಬಿಟ್ಟು, ಪಕ್ಕದಲ್ಲಿ ಅಲ್ಮಾ 9 ಹಾಕಿದೆ. ಎರಡು ಸಂಜೆ ಹಿಡಿಯಿತು, ಹೆಚ್ಚಿನ ಹೊತ್ತು ಪಿಎಚ್‌ಪಿ ಕೋಡಿನ ಎಚ್ಚರಿಕೆಗಳನ್ನು ಒಂದೊಂದಾಗಿ ಆರಿಸುವುದರಲ್ಲೇ ಹೋಯಿತು. ಹಳೆಯದನ್ನು ಎರಡು ವಾರ ಓಡಲು ಬಿಟ್ಟು, ಆಮೇಲೆ ನಿಲ್ಲಿಸಿ, ಡಿಸ್ಕಿನ ಇಮೇಜ್ ತೆಗೆದಿಟ್ಟೆ. ತಿಂಗಳು ಕಳೆದು ಒಂದನೇ ತಾರೀಕು ಫೋನ್ ಬಂತು: 'ಪ್ರತಿ ತಿಂಗಳು ಬರುತ್ತಿದ್ದ ರಿಪೋರ್ಟ್ ಈ ಸಲ ಬಂದಿಲ್ಲವಲ್ಲ?' ಯಾವ ರಿಪೋರ್ಟ್ ಅಂತ ನನಗೇ ಗೊತ್ತಿರಲಿಲ್ಲ. ಇಮೇಜ್ ತೆರೆದು ಹುಡುಕಿದರೆ, ರೂಟ್‌ನದ್ದಲ್ಲ, ಕೆಲಸ ಬಿಟ್ಟುಹೋದ ಯಾರದೋ ಖಾತೆಯ ಕ್ರಾನ್‌ನಲ್ಲಿ ನಲವತ್ತು ಸಾಲಿನ ಸ್ಕ್ರಿಪ್ಟು ಸಿಕ್ಕಿತು. ಬರೆದದ್ದು ಪೈಥಾನ್ 2ರಲ್ಲಿ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿತ್ತು.